ಎರಡು ಬೆರಳಲ್ಲಿ ಎತ್ತುವ ಸೈಕಲ್

ಭಾನುವಾರ, ಬೆಳಗಿನ ಐದೂವರೆ. ನಂದಿ ಬೆಟ್ಟದ ಬುಡದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದ್ರಾಕ್ಷಿ ತೋಟಗಳ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ಟೀ ಅಂಗಡಿಯವನು ಒಲೆ ಹಚ್ಚಿ ಮೊದಲ ಪಾತ್ರೆ ಇಟ್ಟಿದ್ದಾನೆ. ದೇವನಹಳ್ಳಿ ದಿಕ್ಕಿನಿಂದ ಒಂದೊಂದೇ ಬಿಳಿ ದೀಪ ಹತ್ತಿರವಾಗುತ್ತದೆ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟ ಸವಾರರು ಬಂದು ಇಳಿಯುತ್ತಾರೆ, ಹೆಲ್ಮೆಟ್ ಕಳಚುತ್ತಾರೆ, ಸೈಕಲ್‌ಗಳನ್ನು ಗೋಡೆಗೆ ಒರಗಿಸಿ ಟೀ ಹೇಳುತ್ತಾರೆ. ಆಮೇಲೆ ನಡೆಯುವುದು ಒಂದು ಶಾಸ್ತ್ರ. ಗುಂಪಿನಲ್ಲಿ ಯಾರದಾದರೂ ಹೊಸ ಸೈಕಲ್ ಇದ್ದರೆ ಉಳಿದವರು ಒಬ್ಬೊಬ್ಬರಾಗಿ ಬಂದು ಅದರ ಮೇಲಿನ ಕೊಳವೆಯನ್ನು ಎರಡೇ ಬೆರಳಲ್ಲಿ ಹಿಡಿದು ಎತ್ತಬೇಕು.

“ಗುರೂ, ಇದರಲ್ಲಿ ಏನೂ ಇಲ್ವಲ್ಲೋ! ಎಷ್ಟು?”

“ಏಳು ಇನ್ನೂರು. ಪೆಡಲ್ ಬಿಟ್ಟು.”

ಆ ‘ಪೆಡಲ್ ಬಿಟ್ಟು’ ಅನ್ನುವುದನ್ನು ಯಾರೂ ಮರೆಯುವುದಿಲ್ಲ. ಕಂಪನಿಯವರು ಹೇಳುವ ತೂಕವೂ ಸಾಮಾನ್ಯವಾಗಿ ಪೆಡಲ್ ಬಿಟ್ಟೇ ಇರುತ್ತದೆ. ಪೆಡಲ್ ಇಲ್ಲದ ಸೈಕಲ್ ಹತ್ತಿ ಬೆಟ್ಟ ಏರಿದವನು ಮಾತ್ರ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಎತ್ತಿ ನೋಡುವವರಲ್ಲಿ ‘ಇದು ಎಷ್ಟು ವರ್ಷ ಬಾಳುತ್ತೆ?’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಿದರೂ ಉತ್ತರ ಹೇಳುವವರು ಯಾರು? ತೂಕ ಅಂಗಡಿಯಲ್ಲೇ, ಹಣ ಕೊಡುವ ಮೊದಲೇ ಗೊತ್ತಾಗುತ್ತದೆ. ಬಾಳಿಕೆ ಗೊತ್ತಾಗುವುದು ಅದು ಮುಗಿದ ದಿನ. ಕಣ್ಣಿಗೆ ಕಾಣುವುದಕ್ಕೆ ಬೆಲೆ ಕಟ್ಟಿ ಕಾಣದ್ದನ್ನು ಮರೆಯುವ ವ್ಯಾಪಾರ ಸೈಕಲ್ ಲೋಕದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ.

ಗೋಡೆಗೆ ಒರಗಿದವುಗಳನ್ನೇ ಒಂದು ಸುತ್ತು ನೋಡಿ. ಈ ತುದಿಯಲ್ಲಿ ಒಂದು ಹಳೆಯ ಉಕ್ಕಿನ ಫ್ರೇಮ್. ಕೊಳವೆಗಳು ತೆಳ್ಳಗೆ, ನೇರ. ಕೂಡುವ ಕಡೆಯಲ್ಲೆಲ್ಲ ಕೆತ್ತನೆ ಮಾಡಿದಂಥ ಉಕ್ಕಿನ ತೋಳು, ಅಂದರೆ ಲಗ್. ಅದರ ಪಕ್ಕ ಬಣ್ಣವನ್ನೇ ಕಾಣದ ಬೂದು ಟೈಟೇನಿಯಂ. ವೆಲ್ಡಿಂಗ್‌ನ ಅಲೆಅಲೆ ಗೆರೆಯನ್ನು ಅದರ ಮಾಲೀಕ ಬೇಕೆಂದೇ ಹಾಗೆ ಬಿಟ್ಟಿದ್ದಾನೆ. ಮುಂದೆ ಎರಡು ಮೂರು ಅಲ್ಯೂಮಿನಿಯಂ, ಕೊಳವೆ ಮುಂಗೈ ದಪ್ಪ. ಉಳಿದವೆಲ್ಲ ಕಾರ್ಬನ್. ಅವುಗಳಲ್ಲಿ ಕೊಳವೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ತೋರಿಸಲಾಗದು, ಎಲ್ಲ ಒಂದೇ ಎರಕದಲ್ಲಿ ಹರಿದಂತಿದೆ. ಅಷ್ಟರಲ್ಲಿ ಡೈರಿಗೆ ಹಾಲು ಹಾಕಲು ಹೊರಟ ಊರಿನವರೊಬ್ಬರು ಹ್ಯಾಂಡಲ್‌ನ ಎರಡೂ ಬದಿಗೆ ಕ್ಯಾನ್ ತೂಗುಹಾಕಿಕೊಂಡು ಹಾದುಹೋಗುತ್ತಾರೆ. ಕಪ್ಪು ಬಣ್ಣದ, ಕಬ್ಬಿಣದ ಸ್ಟ್ಯಾಂಡಿನ, ಇಪ್ಪತ್ತು ಕಿಲೋ ದಾಟುವ ಆ ಸೈಕಲ್ಲನ್ನು ಎತ್ತಿ ನೋಡುವ ಆಸೆ ಯಾರಿಗೂ ಹುಟ್ಟುವುದಿಲ್ಲ. ಅದು ಬಾಳುತ್ತದೆಯೇ ಎಂಬ ಪ್ರಶ್ನೆಯೂ ಹುಟ್ಟುವುದಿಲ್ಲ.

ಭಾರವಿದ್ದರೆ ಗಟ್ಟಿ, ಹಗುರವಿದ್ದರೆ ಟೊಳ್ಳು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಇಂಥ ಸೈಕಲ್‌ಗಳಿಂದಲೇ. ಆದರೆ ಸೈಕಲ್ ಮುರಿದ ಕಥೆಗಳಲ್ಲೆಲ್ಲ ಅತ್ಯಂತ ಹೆಸರಾದ ಕಥೆ ಭಾರದ ಉಕ್ಕಿನದೇ.

1913ರ ಜುಲೈ 9. ಟೂರ್ ಡಿ ಫ್ರಾನ್ಸ್‌ನ ಆರನೆಯ ಹಂತ. ಬಯೋನ್‌ನಿಂದ ಲೂಶೋನ್‌ಗೆ 326 ಕಿಲೋಮೀಟರ್ ದಾರಿ, ನಡುವೆ ಪಿರೆನೀಸ್ ಪರ್ವತಗಳು. ಯೂಜೀನ್ ಕ್ರಿಸ್ತೋಫ್ ಎಂಬ ಪೊದೆಮೀಸೆಯ ಫ್ರೆಂಚ್ ಸವಾರ ತೂರ್ಮಲೆ ಘಾಟಿ ಹತ್ತಿ ಆಚೆ ಇಳಿಯುತ್ತಿದ್ದಾನೆ. ದಾರಿ ಅಂದರೆ ಕಲ್ಲು, ಮಣ್ಣು, ದೂಳು. ಇಳಿಜಾರಿನಲ್ಲಿ ಮುಂಚಕ್ರ ಹಿಡಿಯುವ ಫೋರ್ಕ್ ಮುರಿಯಿತು. ಇವತ್ತಾದರೆ ಹಿಂದೆಯೇ ಬರುವ ಕಾರಿನಿಂದ ಮೆಕ್ಯಾನಿಕ್ ಇನ್ನೊಂದು ಸೈಕಲ್ ಇಳಿಸಿಕೊಡುತ್ತಾನೆ. ಆಗಿನ ನಿಯಮ ಬೇರೆ. ಮುರಿದದ್ದನ್ನು ಸವಾರನೇ ಸರಿಮಾಡಿಕೊಳ್ಳಬೇಕು, ಯಾರೂ ಕೈ ಹಾಕುವಂತಿಲ್ಲ. ಕ್ರಿಸ್ತೋಫ್ ಸೈಕಲ್ಲನ್ನು ಹೆಗಲಿಗೇರಿಸಿ ನಡೆದ. ಹತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹಿಂದೆ ಬಿದ್ದವರೆಲ್ಲ ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು.

ಬೆಟ್ಟದ ಬುಡದಲ್ಲಿ ಸಾಂತ್-ಮರೀ-ದ-ಕಾಂಪಾನ್ ಎಂಬ ಹಳ್ಳಿ. ಅಲ್ಲೊಂದು ಕಮ್ಮಾರಸಾಲೆ. ರೇಸಿಗೆ ಬರುವ ಮೊದಲು ಬೀಗ ಮಾಡುವ ಕಸಬು ಮಾಡಿದ್ದ ಕ್ರಿಸ್ತೋಫ್‌ಗೆ ಲೋಹ ಹೊಸದಲ್ಲ. ಕುಲುಮೆ ಅವನದಲ್ಲದಿದ್ದರೂ ಕೈ ಪಳಗಿತ್ತು. ಕಬ್ಬಿಣ ಕಾಯಿಸಿದ, ಬಡಿದ, ಕೊಳವೆಗೆ ಕೂಡುವ ಹಾಗೆ ತಿದ್ದಿದ, ಬೆಸೆದ. ಬಾಗಿಲಲ್ಲಿ ರೇಸಿನ ಅಧಿಕಾರಿಗಳು ಕಣ್ಣು ಮಿಟುಕಿಸದೆ ನಿಂತಿದ್ದರು. ಎರಡು ಕೈಯಲ್ಲೂ ಕೆಲಸವಿರುವಾಗ ತಿದಿ ಒತ್ತುವುದು ಹೇಗೆ? ಅಲ್ಲಿದ್ದ ಹುಡುಗನೊಬ್ಬ ತಿದಿ ಒತ್ತಿದ. ಅದನ್ನು ಹೊರಗಿನವರ ನೆರವು ಎಂದು ಎಣಿಸಿ ಅಧಿಕಾರಿಗಳು ಹತ್ತು ನಿಮಿಷ ದಂಡ ಹಾಕಿದರು, ಮುಂದೆ ಅದನ್ನು ಮೂರಕ್ಕೆ ಇಳಿಸಿದರು. ಇಳಿಸಿದರೇನು? ನಡಿಗೆ, ಕುಲುಮೆ ಸೇರಿ ಗಂಟೆಗಟ್ಟಲೆ ಸಮಯ ಆಗಲೇ ಕಳೆದುಹೋಗಿತ್ತು. ಗೆಲ್ಲುವ ಭರವಸೆ ಹುಟ್ಟಿಸಿದ್ದ ಮನುಷ್ಯ ಪ್ಯಾರಿಸ್ ತಲುಪಿದಾಗ ಏಳನೆಯವ.

ಕಥೆ ಅಲ್ಲಿಗೇ ನಿಂತಿದ್ದರೆ ದುರದೃಷ್ಟ ಅಂದುಬಿಡಬಹುದಿತ್ತು. 1919ರಲ್ಲಿ ಟೂರ್‌ನ ಮುಂಚೂಣಿ ಸವಾರನಿಗೆ ಹಳದಿ ಅಂಗಿ ಕೊಡುವ ಪದ್ಧತಿ ಶುರುವಾಯಿತು. ಅದನ್ನು ಮೊದಲು ತೊಟ್ಟವನು ಇದೇ ಕ್ರಿಸ್ತೋಫ್. ಪ್ಯಾರಿಸ್ ಹತ್ತಿರವಾಗುತ್ತಿದ್ದಾಗ, ವಾಲಾಂಸ್ಯೆನ್ ಬಳಿ, ಹಾಸುಗಲ್ಲಿನ ದಾರಿಯಲ್ಲಿ ಮತ್ತೆ ಫೋರ್ಕ್ ಮುರಿಯಿತು. ಆ ಟೂರ್ ಕೂಡ ಕೈತಪ್ಪಿತು. 1922ರಲ್ಲಿ ಆಲ್ಪ್ಸ್‌ನ ಗಾಲಿಬಿಯೆ ಘಾಟಿಯಲ್ಲಿ ಮೂರನೆಯ ಸಲ. ಟೂರ್ ಗೆಲ್ಲದೇ ಕ್ರಿಸ್ತೋಫ್ ನಿವೃತ್ತನಾದ. ಫ್ರಾನ್ಸಿನ ಜನ ಗೆದ್ದ ಎಷ್ಟೋ ಮಂದಿಯನ್ನು ಮರೆತರೂ ಕುಲುಮೆಯ ಮುಂದೆ ನಿಂತ ಇವನನ್ನು ಮರೆಯಲಿಲ್ಲ.

ಮೂರು ಸಲ ಮುರಿದದ್ದೂ ಉಕ್ಕೇ. ಲೋಹಕ್ಕೆ ಒಂದು ದೊಡ್ಡ ಪೆಟ್ಟು ಬೇಕೆಂದಿಲ್ಲ. ಕಲ್ಲಿನ ಮೇಲೆ ಚಕ್ರ ಕುಣಿದಾಗಲೆಲ್ಲ ಫೋರ್ಕ್ ಕೂದಲೆಳೆಯಷ್ಟು ಹಿಂದೆ ಮುಂದೆ ಬಾಗುತ್ತದೆ. ಹೀಗೆ ಲಕ್ಷಾಂತರ ಸಲ ಬಾಗಿದ ಮೇಲೆ ಬೆಸುಗೆಯ ಅಂಚಿನಲ್ಲೋ, ಒಳಗಿನ ಗೀರಿನಲ್ಲೋ ಕೂದಲಿಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಅದು ದಿನಕ್ಕಿಷ್ಟು ಬೆಳೆದು ಕೊನೆಗೆ ಒಂದು ಸಾಧಾರಣ ಕುಲುಕಿಗೆ ಕೈಕೊಡುತ್ತದೆ. ಇದನ್ನು ತಡೆಯಲು ಎಲ್ಲ ಕಡೆಯೂ ಲೋಹ ತುಂಬಿದರೆ ಪ್ರಯೋಜನವಿಲ್ಲ. ಎಲ್ಲಿ ಬೇಕೋ ಅಲ್ಲಿ ತುಂಬಬೇಕು.

ಈ ಜಾಣತನ ಬಂದದ್ದು ಒಂದು ಮೊಳೆ ಕಾರ್ಖಾನೆಯಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರೆನಾಲ್ಡ್ಸ್ ಮನೆತನ 1841ರಿಂದ ಮೊಳೆ ಮಾಡುತ್ತಿತ್ತು. ಸೈಕಲ್ಲಿನ ಕೊಳವೆಗಳು ಮುರಿಯುವುದು ಹೆಚ್ಚಾಗಿ ಕೂಡುವ ತುದಿಯಲ್ಲಿ, ನಡುವಿನ ಭಾಗ ಸುಮ್ಮನೆ ಭಾರ ಹೊತ್ತು ಕೂತಿರುತ್ತದೆ. ಹಾಗಿದ್ದರೆ ಹೊರಗಿನ ಅಳತೆ ಒಂದೇ ಇಟ್ಟು, ಒಳಗಿನಿಂದ ತುದಿಗಳನ್ನು ದಪ್ಪವಾಗಿಯೂ ನಡುವನ್ನು ತೆಳ್ಳಗೂ ಎಳೆದರಾಗದೇ? 1897ರಲ್ಲಿ ಆ ಉಪಾಯಕ್ಕೆ ಪೇಟೆಂಟ್ ಪಡೆದರು. ಹೊರಗಿನಿಂದ ನೋಡಿದರೆ ಏನೂ ಕಾಣದು, ಎತ್ತಿದರೆ ಮಾತ್ರ ಗೊತ್ತಾಗುತ್ತದೆ. 1935ರಲ್ಲಿ ಅದೇ ಕಂಪನಿ ಮ್ಯಾಂಗನೀಸ್, ಮಾಲಿಬ್ಡಿನಂ ಬೆರೆಸಿದ 531 ಎಂಬ ಉಕ್ಕಿನ ಕೊಳವೆ ತಂದಿತು. ಮುಂದಿನ ಕೆಲವು ದಶಕ ಟೂರ್ ಗೆದ್ದ ಸೈಕಲ್‌ಗಳಲ್ಲಿ ಹಲವಕ್ಕೆ ಅದರದೇ ಫ್ರೇಮ್. ಜಾಗ್ವಾರ್ ಇ-ಟೈಪ್ ಕಾರಿನ ಎಂಜಿನ್ ಹೊತ್ತ ಮುಂದಿನ ಚೌಕಟ್ಟೂ ಇದೇ ಕೊಳವೆಯದು.

1970ರ ದಶಕದಲ್ಲಿ ಬಂದ 753 ಇನ್ನೂ ತೆಳ್ಳಗೆ. ಅದರ ಕೆಲವು ಕೊಳವೆಗಳ ಗೋಡೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಬೆಸೆಯುವಾಗ ಶಾಖ ಒಂದಿಷ್ಟು ಹೆಚ್ಚಾದರೆ ಉಕ್ಕಿನ ಬಲವೇ ಹೋಗುತ್ತಿತ್ತು. ಹಿತ್ತಾಳೆಯ ಬದಲು ಕಡಿಮೆ ಶಾಖಕ್ಕೆ ಕರಗುವ ಬೆಳ್ಳಿ ಬೆಸುಗೆ ಬೇಕಿತ್ತು. ಕೇಳಿದವರಿಗೆಲ್ಲ ಕಂಪನಿ ಈ ಕೊಳವೆ ಮಾರುತ್ತಿರಲಿಲ್ಲ. ಫ್ರೇಮ್ ಕಟ್ಟುವವನು ಮೊದಲು ಒಂದು ಕೂಡು ಬೆಸೆದು ಕಳಿಸಬೇಕು, ಅದನ್ನು ಪರೀಕ್ಷಿಸಿ ಪಾಸಾದರೆ ಮಾತ್ರ ಮಾಲು. ಹಗುರವಾದ ವಸ್ತುವಿಗೆ ಪಳಗಿದ ಕೈ ಬೇಕೆಂಬುದನ್ನು ಒಂದು ಕಂಪನಿ ಇಷ್ಟು ಖಡಾಖಂಡಿತವಾಗಿ ಒಪ್ಪಿಕೊಂಡದ್ದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ. ಈಗಿನ ಮಾರಾಟಗಾರರು ಪೆಟ್ಟಿಗೆಯಲ್ಲಿ ಒಂದು ಚೀಟಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಅಲ್ಯೂಮಿನಿಯಂ ಹಗುರ, ಆದ್ದರಿಂದ ಅದರ ಫ್ರೇಮ್ ಹಗುರ ಎಂದು ಜನ ಸಲೀಸಾಗಿ ಹೇಳಿಬಿಡುತ್ತಾರೆ. ಲೆಕ್ಕ ಅಷ್ಟು ಸಲೀಸಲ್ಲ. ಬಾಗದೆ ನಿಲ್ಲುವ ಗುಣದಲ್ಲಿ ಉಕ್ಕು ಸುಮಾರು 200, ಟೈಟೇನಿಯಂ 110, ಅಲ್ಯೂಮಿನಿಯಂ 70. ಸಾಂದ್ರತೆಯಲ್ಲಿ ಕ್ರಮವಾಗಿ 7.8, 4.5, 2.7. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿ, ಮೂರಕ್ಕೂ ಉತ್ತರ 25ರ ಆಸುಪಾಸು! ಪ್ರಕೃತಿ ಮೂವರಿಗೂ ಒಂದೇ ಪಾಲು ಹಂಚಿದೆ. ಹಾಗಾದರೆ ಹಗುರ ಎಲ್ಲಿಂದ ಬಂತು? ಕೊಳವೆಯ ದಪ್ಪದಿಂದ. ಗೋಡೆಯನ್ನು ಹಾಗೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ತೂಕ ಎರಡು ಪಟ್ಟಾಗುತ್ತದೆ, ಬಾಗದ ಗುಣ ಎಂಟು ಪಟ್ಟಾಗುತ್ತದೆ. ಆ ಗೋಡೆಯನ್ನು ಅರ್ಧಕ್ಕೆ ಇಳಿಸಿದರೆ ಮೊದಲಿನಷ್ಟೇ ತೂಕದಲ್ಲಿ ನಾಲ್ಕು ಪಟ್ಟು ಬಿಗಿಯಾದ ಕೊಳವೆ ಕೈಗೆ ಬರುತ್ತದೆ. ಉಕ್ಕಿನಲ್ಲಿ ಹೀಗೆ ಮಾಡಹೊರಟರೆ ಗೋಡೆ ಕಾಗದವಾಗುತ್ತದೆ. ಹಗುರ ಲೋಹದಲ್ಲಿ ಅದಕ್ಕೆ ಅವಕಾಶವಿದೆ. 1980ರ ದಶಕದ ಅಮೆರಿಕದಲ್ಲಿ ಕ್ಲೈನ್, ಕ್ಯಾನಂಡೇಲ್ ಮುಂತಾದವರು ದಪ್ಪ ಕೊಳವೆಯ ಅಲ್ಯೂಮಿನಿಯಂ ಫ್ರೇಮ್ ಮಾಡಿದ ಗುಟ್ಟು ಇಷ್ಟೆ.

ಆದರೆ ಈ ಆಟಕ್ಕೂ ಒಂದು ಗಡಿ ಇದೆ. ಖಾಲಿಯಾದ ತಂಪು ಪಾನೀಯದ ಕ್ಯಾನನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೆ ಮೆಲ್ಲಗೆ ನಿಂತರೆ ತಡೆಯುತ್ತದೆ. ಹಾಗೆ ನಿಂತಿರುವಾಗ ಇನ್ನೊಬ್ಬರು ಅದರ ಹೊಟ್ಟೆಗೆ ಬೆರಳು ತಾಗಿಸಿದರೆ ಸಾಕು, ಕ್ಷಣದಲ್ಲಿ ಚಪ್ಪಟೆ. ಹಗುರ ಫ್ರೇಮಿನ ಸ್ವಭಾವವೂ ಇದೇ. ಅದನ್ನು ಮಾಡಿದವರು ಲೆಕ್ಕ ಹಾಕಿದ್ದು ಸವಾರನ ತೂಕ, ಪೆಡಲಿನ ತಳ್ಳು, ದಾರಿಯ ಕುಲುಕು ಬರುವ ದಿಕ್ಕಿಗೆ. ಆ ದಿಕ್ಕಿನಲ್ಲಿ ಅದು ಆನೆಬಲ. ಯಾರೂ ಲೆಕ್ಕ ಹಾಕದ ದಿಕ್ಕಿನಿಂದ ಬಂದ ಚಿಕ್ಕ ಪೆಟ್ಟಿಗೆ ಅದರಲ್ಲಿ ಉತ್ತರವಿಲ್ಲ.

ಗಡಿಯ ಅಂಚಿನಲ್ಲಿ ನಡೆದವುಗಳಲ್ಲಿ ಎಡ್ಡಿ ಮರ್ಕ್ಸ್‌ನ ಸೈಕಲ್ ನೆನಪಾಗುತ್ತದೆ. 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದಲ್ಲಿ, ಗಾಳಿ ತೆಳುವಾದ ಎತ್ತರದಲ್ಲಿ, ಆ ಬೆಲ್ಜಿಯಂ ಸವಾರ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದ. ಇಟಲಿಯ ಅರ್ನೆಸ್ಟೊ ಕೊಲ್ನಾಗೊ ಮಾಡಿಕೊಟ್ಟ ಆ ಉಕ್ಕಿನ ಸೈಕಲ್ ಬರೀ 5.75 ಕಿಲೋ. ಚೈನಿನ ಕೊಂಡಿಗಳಲ್ಲಿ ಕೂಡ ತೂತು ಕೊರೆದು ಗ್ರಾಂ ಲೆಕ್ಕದಲ್ಲಿ ಲೋಹ ತೆಗೆದಿದ್ದರು. ಬ್ರೇಕ್ ಇಲ್ಲ, ಗೇರ್ ಇಲ್ಲ, ನುಣ್ಣನೆ ಟ್ರ್ಯಾಕಿನ ಮೇಲೆ ಒಂದು ಗಂಟೆ ತಾಳಿದರೆ ಅದರ ಜನ್ಮ ಸಾರ್ಥಕ. ಬಾಳಿಕೆ ಎಂದರೆ ಎಷ್ಟು ಕಾಲ ಎಂದು ಮೊದಲೇ ಹೇಳಿಬಿಟ್ಟಿದ್ದರಿಂದ ಅದನ್ನು ದುರ್ಬಲ ಸೈಕಲ್ ಎನ್ನಲಾಗದು. ಈಗ ಅದು ಬ್ರಸೆಲ್ಸ್‌ನಲ್ಲಿ ಮರ್ಕ್ಸ್ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ಪ್ರದರ್ಶನಕ್ಕಿದೆ.

ಒಂದು ಗಂಟೆಯ ಸೈಕಲ್ಲಿನ ಹುಚ್ಚು ಟೂರ್‌ನಂಥ ಮೂರು ವಾರದ ಓಟಕ್ಕೂ ಹಬ್ಬಿದಾಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಡಿವಾಣ ಹಾಕಿತು. ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಬಾರದೆಂಬ ನಿಯಮ 2000ದಲ್ಲಿ ಜಾರಿಗೆ ಬಂತು, ಇಂದಿಗೂ ಇದೆ. ಕಾರ್ಬನ್ ಪಳಗಿದ ಮೇಲೆ ಆ ಅಂಕಿ ಮುಟ್ಟುವುದು ಸಲೀಸಾಯಿತು, ಮೆಕ್ಯಾನಿಕ್‌ಗಳು ಹಗುರ ಸೈಕಲ್ಲಿನೊಳಗೆ ಭಾರದ ತುಂಡು ಸೇರಿಸಿ ತೂಗುವ ಕಾಲವೂ ಬಂತು. ತಮಾಷೆ ಏನೆಂದರೆ, ಈ ನಿಯಮ ವೃತ್ತಿಪರ ಸವಾರನಿಗೆ ಉಂಟು, ಭಾನುವಾರದ ಸವಾರನಿಗೆ ಇಲ್ಲ. 2020ರಲ್ಲಿ ಅಮೆರಿಕದ ಕಂಪನಿಯೊಂದು 585 ಗ್ರಾಂ ಫ್ರೇಮಿನ ರೋಡ್ ಸೈಕಲ್ ಮಾರುಕಟ್ಟೆಗೆ ಬಿಟ್ಟಿತು. ದಿನವೂ ಮೆಕ್ಯಾನಿಕ್ ತಿಕ್ಕಿ ತೊಳೆದು ನೋಡುವ, ಮುರಿದರೆ ಇನ್ನೊಂದು ಸಿದ್ಧವಿರುವ ಸವಾರನಿಗೆ ಕಟ್ಟುಪಾಡು. ಆರು ತಿಂಗಳಿಗೊಮ್ಮೆ ಚೈನಿಗೆ ಎಣ್ಣೆ ಹಾಕುವ ನಮಗೆ ಪೂರ್ಣ ಸ್ವಾತಂತ್ರ್ಯ!

ಕಾರ್ಬನ್ ತಾಳುವುದಿಲ್ಲ ಎಂಬ ಮಾತಿಗೆ ಉತ್ತರ ಸಿಕ್ಕಿದ್ದು ಉತ್ತರ ಫ್ರಾನ್ಸಿನ ಕಲ್ಲುಹಾಸಿನ ಮೇಲೆ. ಪ್ಯಾರಿಸ್–ರುಬೇ ಓಟ 1896ರಿಂದ ನಡೆಯುತ್ತಿದೆ. ಏಪ್ರಿಲ್‌ನ ಭಾನುವಾರ, 250 ಕಿಲೋಮೀಟರಿಗೂ ಹೆಚ್ಚು ದಾರಿ. ಅದರಲ್ಲಿ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಿಂದಿನ ಕಾಲದ ಹಾಸುಗಲ್ಲು. ಆರಾನ್‌ಬೆರ್ ಕಾಡಿನ ನಡುವೆ ಹಾದ ನೆಟ್ಟನೆಯ ದಾರಿಯನ್ನು 1968ರಲ್ಲಿ ಓಟಕ್ಕೆ ಸೇರಿಸಲು ಸೂಚಿಸಿದವನು ಜಾನ್ ಸ್ತಾಬ್ಲಿನ್‌ಸ್ಕಿ ಎಂಬ ಸವಾರ. ಹುಡುಗನಾಗಿದ್ದಾಗ ಅವನು ಅಲ್ಲಿನ ಕಲ್ಲಿದ್ದಲ ಗಣಿಯಲ್ಲೇ ದುಡಿದವನು. ಅಲ್ಲಿನ ಕಲ್ಲುಗಳು ಒಂದರ ಪಕ್ಕ ಒಂದು ಸಮನಾಗಿಲ್ಲ, ಒಂದು ಎದ್ದರೆ ಇನ್ನೊಂದು ಕುಸಿದಿದೆ, ಸಂದಿನಲ್ಲಿ ಪಾಚಿ, ಮಳೆಯಾದರೆ ಕೆಸರು. ಗಂಟೆಗೆ ಐವತ್ತರ ವೇಗದಲ್ಲಿ ನುಗ್ಗಿದ ಸವಾರನ ಕೆನ್ನೆ, ತೋಳು, ತೊಡೆಯ ಮಾಂಸವೆಲ್ಲ ನಡುಗುವುದು ಟಿವಿಯಲ್ಲೂ ಕಾಣುತ್ತದೆ. ಸೀಸೆಗಳು ಹಾರಿ ಬೀಳುತ್ತವೆ. ಗೆದ್ದವನಿಗೆ ಬಹುಮಾನವಾಗಿ ಕೊಡುವುದೂ ಅಂಥದೇ ಒಂದು ಕಲ್ಲು.

1993ರಲ್ಲಿ ಇಟಲಿಯ ಫ್ರಾಂಕೊ ಬಾಲೆರಿನಿ ಈ ಓಟವನ್ನು ಬರೀ 8 ಸೆಂಟಿಮೀಟರ್ ಅಂತರದಲ್ಲಿ ಸೋತಿದ್ದ. 1995ರಲ್ಲಿ ಮರಳಿ ಬಂದಾಗ ಅವನ ಕೆಳಗೆ ಕೊಲ್ನಾಗೊ ಸಿ40 ಎಂಬ ಕಾರ್ಬನ್ ಸೈಕಲ್. ಕಲ್ಲಿನ ಮೇಲೆ ಕಾರ್ಬನ್ ಪುಡಿಯಾದರೆ ಎಂದು ತಂಡದ ಧಣಿಗೇ ನಿದ್ದೆ ಬಂದಿರಲಿಲ್ಲ, ಫೋರ್ಕ್ ಮುರಿದೀತೆಂದು ಕೊಲ್ನಾಗೊಗೆ ಫೋನ್ ಮಾಡಿದ ಕಥೆಯನ್ನು ಆ ವಲಯದವರು ಈಗಲೂ ಹೇಳುತ್ತಾರೆ. ಬಾಲೆರಿನಿ ಒಬ್ಬನೇ ಮುಂದಾಗಿ ಓಟ ಮುಗಿಯುವ ವೆಲೊಡ್ರೋಮ್ ಹೊಕ್ಕು ಗೆದ್ದ. ಅದೇ ಓಟದ ಇನ್ನೊಂದು ಚಿತ್ರ 2006ರದು. ಅಮೆರಿಕದ ಜಾರ್ಜ್ ಹಿಂಕಾಪಿ ಮುಂಚೂಣಿಯಲ್ಲಿದ್ದಾಗ ಅವನ ಹ್ಯಾಂಡಲ್ ಕೈಯಲ್ಲೇ ಉಳಿಯಿತು. ಎರಡು ಕ್ಷಣ ಹಿಡಿತವಿಲ್ಲದ ಹ್ಯಾಂಡಲ್ ಹಿಡಿದು ತೇಲಿದ ಅವನು ಪಕ್ಕದ ಹುಲ್ಲಿಗೆ ಉರುಳಿದ. ಕಾರ್ಬನ್ ಫ್ರೇಮಿಗೆ ಏನೂ ಆಗಿರಲಿಲ್ಲ. ತುಂಡಾದದ್ದು ಫೋರ್ಕನ್ನು ಹ್ಯಾಂಡಲ್ಲಿಗೆ ಕೂಡಿಸುವ ಅಲ್ಯೂಮಿನಿಯಂ ಕಾಂಡ.

ಉಕ್ಕಿನ ಅಭಿಮಾನಿಗಳಿಗೆ ಇನ್ನೂ ನುಂಗಲಾರದ ತುತ್ತು 1997ರದು. ಜರ್ಮನಿಯ ‘ಟೂರ್’ ಎಂಬ ಸೈಕಲ್ ಪತ್ರಿಕೆ ಹನ್ನೆರಡು ದುಬಾರಿ ಫ್ರೇಮ್‌ಗಳನ್ನು ಯಂತ್ರಕ್ಕೆ ಕಟ್ಟಿ, ಬಲವಾದ ಸವಾರ ನಿಂತು ತುಳಿದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಳಿಸಿತು, ಎರಡು ಲಕ್ಷ ಸುತ್ತು. ಕೊನೆಯವರೆಗೆ ಬಿರುಕಿಲ್ಲದೆ ಉಳಿದದ್ದು ಮೂರು, ಎರಡು ಅಲ್ಯೂಮಿನಿಯಂ, ಒಂದು ಕಾರ್ಬನ್. ಉಕ್ಕಿನವೂ ಟೈಟೇನಿಯಂನವೂ ಅದಕ್ಕೆ ಮೊದಲೇ ಬಿರುಕು ಬಿಟ್ಟಿದ್ದವು. ದಣಿವು ತಾಳುವ ಗುಣದಲ್ಲಿ ಉಕ್ಕಿಗೆ ಹುಟ್ಟಿನಿಂದಲೇ ಒಂದು ಮೇಲುಗೈ ಇದೆ. ಒಂದು ಮಿತಿಯ ಒಳಗಿನ ಹೊರೆಯನ್ನು ಅದು ಎಷ್ಟು ಸಲ ಬೇಕಾದರೂ ಹೊರಬಲ್ಲದು. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಸಣ್ಣ ಹೊರೆಯೂ ಅದರ ಆಯುಸ್ಸಿನಲ್ಲಿ ಇಷ್ಟಿಷ್ಟೇ ಕಳೆಯುತ್ತದೆ. ಆದರೂ ಆ ಪರೀಕ್ಷೆಯಲ್ಲಿ ಗೆದ್ದದ್ದು ಅಲ್ಯೂಮಿನಿಯಂ, ಏಕೆಂದರೆ ಅದನ್ನು ಕಟ್ಟಿದವರು ಆ ದೌರ್ಬಲ್ಯ ಅರಿತು ಬೇಕಾದಲ್ಲಿ ಧಾರಾಳವಾಗಿ ಲೋಹ ಇಟ್ಟಿದ್ದರು. ಉಕ್ಕಿನವರು ಹಗುರದ ಸ್ಪರ್ಧೆಗಿಳಿದು ತಮ್ಮ ಮೇಲುಗೈಯನ್ನೇ ಅರೆದು ಹಾಕಿದ್ದರು.

ಯಂತ್ರ ತೋರಿಸದ ಒಂದು ಸಂಗತಿಯಿದೆ. ಅದನ್ನು ನೋಡಲು ರಿಪೇರಿ ಅಂಗಡಿಗೇ ಹೋಗಬೇಕು. ಬೆಂಗಳೂರಿನ ಗಲ್ಲಿಯೊಂದರಲ್ಲಿ ಶಟರ್ ಅರ್ಧ ಇಳಿಸಿದ ಕೋಣೆ. ಸ್ಟ್ಯಾಂಡಿಗೆ ಸಿಕ್ಕಿಸಿದ ಕಪ್ಪು ಕಾರ್ಬನ್ ಫ್ರೇಮ್, ಮೇಲಿನ ಕೊಳವೆಯ ಮೇಲೆ ಉಗುರಿನಷ್ಟು ಉದ್ದದ ಒಂದು ಗೀರು. ಮಾಲೀಕರಿಗೆ ಅದು ಬರೀ ಬಣ್ಣದ ಗೀರು. ಮೆಕ್ಯಾನಿಕ್ ಜೇಬಿನಿಂದ ಒಂದು ನಾಣ್ಯ ತೆಗೆದು ಕೊಳವೆಯ ಉದ್ದಕ್ಕೂ ತಟ್ಟುತ್ತ ಬರುತ್ತಾನೆ. ಟಿಕ್, ಟಿಕ್, ಟಿಕ್. ಗೀರಿನ ಹತ್ತಿರ ಬಂದಾಗ ಸದ್ದು ಮಂಕಾಗುತ್ತದೆ. ಟಪ್. ಎರಡು ಬೆರಳು ಆಚೆ ಹೋದರೆ ಮತ್ತೆ ಟಿಕ್.

“ಬಿದ್ದಿದ್ರಾ ಸಾರ್?”

“ಇಲ್ಲಪ್ಪ, ಗೋಡೆಗೆ ಒರಗಿಸಿದ್ದೆ. ಜಾರ್ತು, ಅಷ್ಟೆ.”

“ಹ್ಯಾಂಡಲ್ ತಿರುಗಿ ಬಂದು ಇಲ್ಲಿ ಹೊಡೆದಿದೆ. ಒಳಗೆ ಪದರ ಬಿಟ್ಕೊಂಡಿದೆ ಸಾರ್. ನೀವು ತಂದಿದ್ದು ಒಳ್ಳೇದಾಯ್ತು.”

ಎಂಬತ್ತು ಕಿಲೋ ಮನುಷ್ಯ ಹತ್ತಿ ಗುಂಡಿ ಹಾರಿಸಿದಾಗ ಜಗ್ಗದ ಕೊಳವೆ ಹ್ಯಾಂಡಲ್ಲಿನ ಒಂದು ಏಟಿಗೆ ಒಳಗೊಳಗೇ ಒಡೆದಿದೆ. ಕಾರ್ಬನ್ ಎಳೆ ಒಂದೊಂದೂ ಮೈಕ್ರಾನ್ ಲೆಕ್ಕದಷ್ಟು ಸಣ್ಣ. ಉದ್ದಕ್ಕೆ ಎಳೆದರೆ ಉಕ್ಕನ್ನೂ ಮೀರಿಸುತ್ತದೆ. ಅಡ್ಡಕ್ಕೆ ಅದರ ಬಲವೆಲ್ಲ ಅಂಟಿನದು. ಅದಕ್ಕೇ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಹಾಸಿ ಅಂಟು ತುಂಬಿ ಅಚ್ಚಿನಲ್ಲಿ ಬೇಯಿಸುತ್ತಾರೆ. ಫ್ರೇಮ್ ಹಗುರವಾದಷ್ಟೂ ಪದರ ಕಡಿಮೆ, ಅಂಥ ಏಟಿಗೆ ಮೀಸಲು ಕಡಿಮೆ. ಉಕ್ಕಾಗಿದ್ದರೆ ತಗ್ಗು ಬೀಳುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಕಾರ್ಬನ್ ತನ್ನ ನೋವನ್ನು ಬಣ್ಣದ ಕೆಳಗೆ ಮುಚ್ಚಿಕೊಳ್ಳುತ್ತದೆ. ಹಗುರಕ್ಕೆ ನಾವು ನಿಜವಾಗಿ ತೆರುವ ಬೆಲೆ ಇದು. ಬಲ ಹೋಗುವುದಿಲ್ಲ, ಮುನ್ಸೂಚನೆ ಹೋಗುತ್ತದೆ.

ಮೆಕ್ಯಾನಿಕ್ ಮೂಗಿಗೆ ಮಾಸ್ಕ್ ಏರಿಸಿ ಮರಳು ಕಾಗದ ಹಿಡಿಯುತ್ತಾನೆ. ಬಣ್ಣ ಹೋದ ಮೇಲೆ ಕಪ್ಪು ನೇಯ್ಗೆ. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿದಂತೆ ಒಂದರ ಕೆಳಗೊಂದು ಪದರ ಉಂಗುರ ಉಂಗುರವಾಗಿ ತೆರೆದುಕೊಳ್ಳುತ್ತದೆ. ಕರಿ ಪುಡಿ ಮುಂಗೈಗೆ ಮೆತ್ತಿ ತುರಿಸುತ್ತದೆ. ಎಷ್ಟು ಪದರ ತೆಗೆದನೋ ಅಷ್ಟನ್ನು ಅದೇ ದಿಕ್ಕಿಗೆ, ಚಿಕ್ಕದರ ಮೇಲೆ ದೊಡ್ಡದರಂತೆ, ಅಂಟಿನಲ್ಲಿ ನೆನೆಸಿ ಹಾಸುತ್ತಾನೆ. ಮೇಲೆ ಟೇಪ್ ಬಿಗಿಯಾಗಿ ಸುತ್ತಿ ಬಿಸಿಗಾಳಿ ಕೊಡುತ್ತಾನೆ. ಬಣ್ಣ ಬಳಿದ ಮೇಲೆ ಜಾಗ ಹುಡುಕಿದರೂ ಸಿಗದು, ಮೂವತ್ತು ನಲವತ್ತು ಗ್ರಾಂ ಹೆಚ್ಚಿರುತ್ತದೆ ಅಷ್ಟೆ. ಕಾರ್ಬನ್ ಒಡೆದರೆ ಎಸೆಯಬೇಕು ಎಂಬುದು ಹೀಗೆ ಸುಳ್ಳಾಗುತ್ತದೆ. ಎಸೆಯಬೇಕಾಗಿ ಬರುವುದು ಹೆಚ್ಚಾಗಿ ಬಿರುಕು ಬಿಟ್ಟ ಅಲ್ಯೂಮಿನಿಯಂ. ವೆಲ್ಡ್ ಮಾಡಿದ ಕಡೆ ಮೆತ್ತಗಾಗುವ ಅದನ್ನು ಮತ್ತೆ ಕುಲುಮೆಗೆ ಹಾಕಿ ಹದ ಮಾಡುವ ಅನುಕೂಲ ಗಲ್ಲಿಯ ಅಂಗಡಿಗಿಲ್ಲ. ಉಕ್ಕಿಗೆ ಬಲ್ಲ ಕೈ ಸಿಕ್ಕರೆ ಕೊಳವೆಯನ್ನೇ ಬದಲಿಸಬಹುದು. ಆದರೆ ಮಂಗಳೂರು, ಕಾರವಾರದ ಕಡೆ ಅದನ್ನು ಒಳಗಿನಿಂದ ತಿನ್ನುವ ತುಕ್ಕಿನ ಮೇಲೆ ಒಂದು ಕಣ್ಣಿಟ್ಟಿರಬೇಕು.

ಇಷ್ಟೆಲ್ಲ ಕಷ್ಟಪಟ್ಟು ಉಳಿಸಿದ ಗ್ರಾಂಗಳು ನಮಗೆ ಕೊಡುವುದೇನು? ಸವಾರ 70 ಕಿಲೋ, ಸೈಕಲ್ 8, ಬಟ್ಟೆ, ಶೂ, ನೀರು ಸೇರಿ 4, ಒಟ್ಟು 82 ಕಿಲೋ ಎನ್ನೋಣ. ಕಡಿದಾದ ಏರಿನಲ್ಲಿ ಶ್ರಮದ ಬಹುಪಾಲು ಭಾರ ಎತ್ತುವುದಕ್ಕೇ ಹೋಗುತ್ತದೆ. ಫ್ರೇಮಿನಲ್ಲಿ 300 ಗ್ರಾಂ ಕಡಿಮೆಯಾದರೆ ಒಟ್ಟು ಭಾರದಲ್ಲಿ ಶೇಕಡಾ ಅರ್ಧವೂ ಇಳಿಯುವುದಿಲ್ಲ. ನಲವತ್ತು ನಿಮಿಷದ ಏರಿಗೆ ಉಳಿಯುವುದು ಒಂಬತ್ತು ಸೆಕೆಂಡ್. ಸಪಾಟು ರಸ್ತೆಯಲ್ಲಿ ಹೆಚ್ಚುಕಡಿಮೆ ಸೊನ್ನೆ. ಅರ್ಧ ಲೀಟರ್ ನೀರು ಕುಡಿದು ಬೆಟ್ಟ ಹತ್ತುವವನು ಆ 300 ಗ್ರಾಂ ಅನ್ನು ಹೊಟ್ಟೆಯಲ್ಲೇ ಹೊತ್ತಿರುತ್ತಾನೆ. ಟೂರ್ ಗೆಲ್ಲುವವನಿಗೆ ಒಂಬತ್ತು ಸೆಕೆಂಡ್ ಚಿನ್ನ. 1989ರ ಟೂರ್ ಅನ್ನು ಗ್ರೆಗ್ ಲೆಮಾಂಡ್ ಗೆದ್ದದ್ದು ಎಂಟೇ ಸೆಕೆಂಡಿನಲ್ಲಿ. ಬೆಟ್ಟದ ಮೇಲೆ ಮಸಾಲೆ ದೋಸೆಗೆ ಕಾಯುವವನಿಗೆ ಅದು ಏನೂ ಅಲ್ಲ.

ವಿಜಯಪುರ, ಬಾಗಲಕೋಟೆ ಕಡೆಯ ರೈತ ಮನೆಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಓಡುವ ಹುಡುಗ ಹುಡುಗಿಯರಿಗೆ ಈ ಲೆಕ್ಕ ಇನ್ನೊಂದು ಬಗೆ. ಅವರಿಗೆ ಸೆಕೆಂಡೂ ಬೇಕು, ಫ್ರೇಮೂ ಉಳಿಯಬೇಕು. ಲಕ್ಷಗಟ್ಟಲೆ ಬೆಲೆಯ ಸೈಕಲ್ ಒಂದು ಬಿರುಕು ಬಿಟ್ಟರೆ ಮನೆಯ ಒಂದು ಬೆಳೆಯೇ ಹೋದಂತೆ. ಅಂಥ ಕ್ರೀಡಾಪಟುಗಳಿಗೆ ಸೈಕಲ್ ಆರಿಸುವ ಕೋಚ್‌ಗಳು, ಕ್ರೀಡಾ ಇಲಾಖೆಯವರು ಕ್ಯಾಟಲಾಗಿನ ತೂಕದ ಸಾಲಿಗಿಂತ ಮೊದಲು ಫ್ರೇಮಿನ ವಾರಂಟಿ ಮತ್ತು ಹತ್ತಿರದಲ್ಲಿ ಸಿಗುವ ರಿಪೇರಿಯ ಬಗ್ಗೆ ವಿಚಾರಿಸಬೇಕು.

ನನ್ನ ತೀರ್ಪು ಇಷ್ಟು. ನಮ್ಮ ಹಂಪ್, ನಮ್ಮ ಗುಂಡಿ, ನಮ್ಮ ಅಪಾರ್ಟ್‌ಮೆಂಟಿನ ಇಕ್ಕಟ್ಟು ಸ್ಟ್ಯಾಂಡ್, ಕಾರಿನ ಹಿಂದೆ ಕಟ್ಟುವ ರ‍್ಯಾಕ್ ಇವೆಲ್ಲವನ್ನೂ ನೋಡಿದರೆ ಕಂಪನಿಯ ಅತಿ ಹಗುರ ಫ್ರೇಮ್ ಬಿಟ್ಟು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಇನ್ನೂರು ಮುನ್ನೂರು ಗ್ರಾಂ ಹೆಚ್ಚಿನದು ಕೊಳ್ಳುವುದೇ ಜಾಣತನ. ಉಳಿದ ದುಡ್ಡಿನಲ್ಲಿ 28 ಮಿಲಿಮೀಟರಿನದೋ ಇನ್ನೂ ಅಗಲದ್ದೋ ಒಳ್ಳೆ ಟೈರ್ ಹಾಕಿಸಿ, ಫ್ರೇಮಿಗೆ ತಟ್ಟುವ ಪೆಟ್ಟಿನಲ್ಲಿ ಒಂದಷ್ಟನ್ನು ಅವೇ ನುಂಗುತ್ತವೆ. ಒಂದು ಟಾರ್ಕ್ ರೆಂಚ್ ಇಟ್ಟುಕೊಳ್ಳಿ, ಕಾರ್ಬನ್ ಮೇಲೆ ಬೋಲ್ಟ್ ಬಿಗಿಯಲು ಕೈಯಂದಾಜು ನೆಚ್ಚಬೇಡಿ. ತೊಳೆಯುವಾಗ ಕೂಡುಗಳನ್ನೆಲ್ಲ ಒಮ್ಮೆ ಬೆರಳಾಡಿಸಿ ನೋಡಿ. ಫ್ರೇಮ್ ಒಡೆದರೆ ಬಲ್ಲವರಿಂದ ರಿಪೇರಿ ಮಾಡಿಸಬಹುದು. ಪೆಟ್ಟು ತಿಂದ ಫೋರ್ಕನ್ನು ಮಾತ್ರ ರಿಪೇರಿ ಮಾಡಿಸಬೇಡಿ, ಹೊಸದು ಹಾಕಿಸಿ.